ಆರು ಅಡಿ ಅಂತರ, ಮೂರು ಮೊಳದ ಟವೆಲ್ಲು

ಈ ದೇಶ ಹಾಳಾಗಿರುವುದೇ ಶಿಸ್ತಿಲ್ಲದ ಮಂದಿಯಿಂದ! ಕೊರೊನಾದ ಮೂರನೇ ಅಲೆ ಇಳಿದು, ರಾಣೆಬೆನ್ನೂರಿನಾಚೆ ಹೆದ್ದಾರಿ ಬದಿಯ ನೀರಾಟದ ಪಾರ್ಕು ಮತ್ತೆ ಬಾಗಿಲು ತೆರೆಯುತ್ತದೆಂದು ತಿಳಿದ ಕ್ಷಣವೇ ನಾನು ನಡುಮನೆಯಲ್ಲಿ ನಿಂತು ಘೋಷಿಸಿಬಿಟ್ಟೆ.

"ನಿಯಮ ಪಾಲಸೂದು ಅಂದ್ರ ಏನಂತ ಇಡೀ ಜಿಲ್ಲಾಕ್ಕ ತೋರಸ್ತೇನಿ! ಬ್ಯಾಡಗಿ ಪ್ರಭುಲಿಂಗಪ್ಪನ ಮನೀ ಮಂದಿ ಹೆಂಗ ಹೋಗ್ತಾರ, ಜಗತ್ತು ನೋಡ್ಲಿ!"

"ಜಗತ್ತು ಆಮ್ಯಾಲೆ ನೋಡ್ಲಿ. ಮೊದ್ಲ ಆ ಟವೆಲ್ ಒಗ್ಯಾಕ ಹಾಕ್ರಿ," ಎಂದಳು ಹೆಂಡತಿ ದ್ರಾಕ್ಷಾಯಿಣಿ.

ಪಿತ್ತ ನೆತ್ತಿಗೇರಿತು. ನನ್ನದು ಮೆಣಸಿನಕಾಯಿ ದಲಾಲಿ ಅಂಗಡಿ. ಹೆಗಲ ಮೇಲಿನ ಈ ಟವೆಲ್ಲಿನಿಂದಲೇ ಚೀಲ ಝಾಡಿಸುವುದು, ಗಾದಿ ಒರೆಸುವುದು, ತಕ್ಕಡಿ ಒರೆಸುವುದು. ಹಂಗಾಮು ಮುಗಿಯುವ ತನಕ ಅದಕ್ಕೆ ನೀರು ತಾಗಿಸಬಾರದು, ತಾಗಿಸಿದರೆ ಲಕ್ಷ್ಮಿ ತೊಳೆದುಹೋಗುತ್ತಾಳೆ! ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು ಹೀಗೇ.

ಇಷ್ಟಕ್ಕೂ ಪಾರ್ಕಿಗೆ ಹೊರಟಿದ್ದು ಮಗಳು ಮೇಘಾಳಿಗಾಗಿ. ಲಾಕ್‌ಡೌನಿಗೆ ಮುಂಚೆ ಹೋದಾಗ ದೊಡ್ಡ ಜಾರುಬಂಡಿಯ ಬಳಿ ಎತ್ತರ ಅಳೆದು, ನಾಲ್ಕು ಬೆರಳು ಕಡಿಮೆ ಎಂದು ಅವಳನ್ನು ವಾಪಸ್ಸು ಕಳಿಸಿದ್ದರು. ಪಾಪ, ಊರು ಮುಟ್ಟುವ ತನಕ ಅತ್ತಿದ್ದಳು. ಆಮೇಲೆ ಮನೆಯಲ್ಲಿ ಕೂತ ದಿನವೆಲ್ಲಾ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ಬೆಳೆಯುವುದೇ ಅವಳ ಕೆಲಸವಾಗಿತ್ತು. ಈಗ ಬೆಳೆದಿದ್ದಾಳೆ! "ನೀ ಜಾರೂವಾಗ ಕೆಳಗ ನಾ ನಿಂತಿರ್ತೇನಿ," ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ಪಾರ್ಕಿನವರ ಹೊಸ ನಿಯಮಗಳನ್ನು ಬಾಯಿಪಾಠ ಮಾಡಿದ್ದೆ. ಬಾಡಿಗೆ ಟವೆಲ್ ಬಂದ್, ನಿಮ್ಮದು ನೀವೇ ತರಬೇಕು. ಸಾಮಾನು ಕಡಿಮೆ ಇರಬೇಕು. ಹೆಂಡತಿ ಚೀಲಕ್ಕೆ ತುಂಬಿದ್ದ ಟವೆಲ್ಲುಗಳನ್ನೆಲ್ಲ ತೆಗೆದು ಮಂಚದ ಮೇಲೆ ಒಗೆದೆ. "ಹೆಗಲ ಮ್ಯಾಲೆ ಒಂದು ಐತಲ್ಲ, ಸಾಕು!"

ಪಾರ್ಕಿನ ಬಾಗಿಲಲ್ಲಿ ಸುಣ್ಣದಿಂದ ವೃತ್ತ ಬರೆದಿದ್ದರು. ಕಾವಲಿನ ಮಹಮ್ಮದಗೌಸ ಒಬ್ಬೊಬ್ಬರ ಹಣೆಗೂ ಜ್ವರ ನೋಡುವ ಪಿಸ್ತೂಲು ಹಿಡಿಯುತ್ತಿದ್ದ. ಅವನ ಹಿಂದೆ ಬೋರ್ಡು: "ಕೆಮ್ಮು, ಸೀನು ಇದ್ದವರಿಗೆ ಪ್ರವೇಶವಿಲ್ಲ." ನಾನು ಒಂದರ ಮೇಲೊಂದು ಎರಡು ಮಾಸ್ಕು ಬಿಗಿದು ನನ್ನ ವೃತ್ತದ ನಟ್ಟನಡುವೆ ನಿಂತೆ. ತಿರುಗಿ ನೋಡಿದರೆ ಹಾವೇರಿಯ ಹಾಲಸಿದ್ದಪ್ಪ ಎಂಬ ಹಿರಿಯರ ಒಂದು ಚಪ್ಪಲಿ ನನ್ನ ವೃತ್ತದೊಳಗೆ! ಮಾಸ್ಕೋ, ಗದ್ದಕ್ಕೆ ಇಳಿದಿತ್ತು!

"ಏನ್ರೀ, ಕಣ್ಣು ಕಾಣಂಗಿಲ್ಲೇನು? ಹಿಂದ ಸರೀರಿ!" ಎಂದು ಟವೆಲ್ ತೆಗೆದು ಫಟ್ಟನೆ ಬೀಸಿದೆ.

"ನಾ ವಯಸ್ಸಾದಾವ, ಸ್ವಲ್ಪ..."

"ನಿಯಮ ಎಲ್ಲಾರಿಗೂ ಒಂದ!" ಇನ್ನೊಮ್ಮೆ ಬೀಸಿದೆ.

"ಆಕ್ಷೀ!" ಎಂದರು ಹಾಲಸಿದ್ದಪ್ಪ.

"ಶೀನಿದ್ರು! ಗೌಸಪ್ಪಾ, ಇವ್ರನ್ನ ಹೊರಗ ಹಾಕು!" ಎಂದು ಕೂಗಿದೆ. ಅಷ್ಟರಲ್ಲಿ ಅವರ ಹಿಂದಿನವರೂ ಸೀನಿದರು. ಅವರ ಹಿಂದಿನವರೂ! ನನಗೆ ಮೈಯೆಲ್ಲ ಉರಿಯಿತು. ರೋಗ ಇಟ್ಟುಕೊಂಡು ಪಾರ್ಕಿಗೆ ಬರುತ್ತಾರಲ್ಲ, ಇವರಿಗೆ ಮಾನ ಮರ್ಯಾದೆ ಇದೆಯೇ? "ದೂರ! ದೂರ!" ಎನ್ನುತ್ತಾ ಸಾಲಿನುದ್ದಕ್ಕೂ ಟವೆಲ್ ಬೀಸುತ್ತಾ ನಡೆದೆ. ನಾನು ಹೋದಲ್ಲೆಲ್ಲ ಆಕ್ಷೀ, ಆಕ್ಷೀ! ಕೊನೆಗೆ ಗೌಸನೂ ಸೀನಿದ. ಪಿಸ್ತೂಲು ಆಕಾಶದ ಜ್ವರ ನೋಡಿತು.

ಒಳಗಿನಿಂದ ಮ್ಯಾನೇಜರ್ ಕೂಗಿದ, "ಗೇಟ್ ಹಾಕ್ರೋ! ಇವತ್ತು ಬಂದ್!"

ಮೇಘಾಳ ಕಣ್ಣು ತುಂಬಿ ಬಂತು. "ಅಪ್ಪಾ, ಮತ್ತ ವಾಪಸ್ ಹೋಗೂದೇನು?"

ಸಿಟ್ಟಿನಿಂದ ಕಟ್ಟೆ ಹತ್ತಿ ನಿಂತು ಗರ್ಜಿಸಿದೆ: "ಇವ್ರ ತಪ್ಪಿಗೆ ನಮಗ್ಯಾಕ ಶಿಕ್ಷಾ? ನೋಡ್ರಿ ನಮ್ಮನ್ನ! ಇಡೀ ಸಾಲಿನ್ಯಾಗ ಶೀನದವ್ರು ನಾವು ಮೂರ ಮಂದಿ!"

ಗೌಸ ಮೂಗು ಒರೆಸಿಕೊಂಡು ನನ್ನನ್ನೇ ದಿಟ್ಟಿಸಿದ. "ಯಜಮಾನ್ರ, ಯಾವೂರ್ರಿ ನಿಮ್ದು?"

"ಬ್ಯಾಡಗಿ!" ಎಂದೆ ಎದೆಯುಬ್ಬಿಸಿ.

"ಉದ್ಯೋಗ ಏನ್ರಿ?"

"ಮೆಣಸಿನಕಾಯಿ!"

ಇಡೀ ಸಾಲು ನನ್ನ ಟವೆಲ್ಲಿನತ್ತ ತಿರುಗಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಟವೆಲ್ಲಿನಿಂದ ಕೆಂಪು ಧೂಳು ಬಿಸಿಲಿನಲ್ಲಿ ಹೊಳೆಯುತ್ತಾ ಇಳಿಯುತ್ತಿತ್ತು. ಹುಟ್ಟಿದಾಗಿನಿಂದ ಅದೇ ಗಾಳಿ ಕುಡಿದ ನಮ್ಮ ಮೂಗುಗಳಿಗೆ ಅದರ ಸುಳಿವೂ ಸಿಕ್ಕಿರಲಿಲ್ಲ!

"ಆ ಟವೆಲ್ ಹೊರಗ ಒಗೀರಿ," ಎಂದ ಗೌಸ.

"ಲಕ್ಷ್ಮೀನ ಬೀದ್ಯಾಗ ಒಗ್ಯಾವಲ್ಲ ನಾನು!"

"ಹಂಗಾರ ಲಕ್ಷ್ಮೀ ಜೋಡಿ ನೀವೂ ಹೊರಗ ಕುಂದರ್ರಿ!" ಎಂದರು ಹಾಲಸಿದ್ದಪ್ಪ. ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು. ಗೇಟು ತೆರೆಯಿತು. ತಾಯಿ ಮಗಳು ಒಳಗೆ ಹೋದರು, ನಾನು ಗೋಡೆಯಾಚೆ ಉಳಿದೆ. ಇದೆಲ್ಲ ಹಟಕ್ಕೆ, ಬರೀ ಹಟಕ್ಕೆ! ಸ್ವಲ್ಪ ಹೊತ್ತಿಗೆ ಎತ್ತರದಿಂದ ಮೇಘಾಳ ಕೇಕೆ ಕೇಳಿತು, "ಅಪ್ಪಾ, ನೋಡು!" ಕಂಡಿದ್ದು ಗೋಡೆ ಮಾತ್ರ. ಕೊಟ್ಟ ಮಾತು ನೆನಪಾಗಿ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡದ್ದು ಯಾವುದರಿಂದ ಎಂದು ಹೇಳಬೇಕೇ? ಅಯ್ಯಯ್ಯೋ! ಬ್ಯಾಡಗಿಯ ಮೂಗಿಗೆ ಖಾರ ತಾಗದಿರಬಹುದು, ಕಣ್ಣು ಎಲ್ಲ ಊರಲ್ಲೂ ಒಂದೇ!

ಸಂಜೆ ಮೇಘಾ ತೊಪ್ಪನೆ ತೊಯ್ದು, ಗಡಗಡ ನಡುಗುತ್ತಾ, ಬಾಯಿ ತುಂಬ ನಗುತ್ತಾ ಓಡಿ ಬಂದಳು. "ಅಪ್ಪಾ, ನಾಕು ಸಲ ಜಾರಿದೆ! ಟವೆಲ್ ಕೊಡು, ಥಂಡಿ!"

ಕೈ ಹೆಗಲಿಗೆ ಹೋಯಿತು. ಮಗು ಆರು ಅಡಿ ಹಿಂದೆ ಹಾರಿತು.

ಮೈಮೇಲಿನ ಹೊಸ ಅಂಗಿ ಬಿಚ್ಚಿ ಅವಳ ತಲೆ ಒರೆಸತೊಡಗಿದೆ. ಅಷ್ಟರಲ್ಲಿ ದ್ರಾಕ್ಷಾಯಿಣಿ ನನ್ನ ಟವೆಲ್ಲನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು, ಗೇಟಿನ ಬಳಿ ಕೈ ತೊಳೆಯಲು ಇಟ್ಟಿದ್ದ ಸೋಪಿನ ನೀರಿನ ಬಕೆಟ್ಟಿಗೆ ಅದ್ದಿಯೇಬಿಟ್ಟಳು! ನೀರು ಕೆಂಪಾಯಿತು.

"ಏ, ಲಕ್ಷ್ಮೀ!" ಎಂದು ಬನಿಯನ್ನಿನಲ್ಲೇ ಚೀರಿದೆ.

"ಹೆದರಬ್ಯಾಡ್ರಿ," ಎಂದಳು ಅವಳು ಟವೆಲ್ ಹಿಂಡುತ್ತಾ. "ಆಕೀನೂ ಕೈ ತೊಳಕೊಂಡ ಮನೀಗೆ ಬರ್ಲಿ. ನಿಯಮ ಎಲ್ಲಾರಿಗೂ ಒಂದ!"