ಮಸ್ಕತ್ತಿನಲ್ಲಿ ನಾನೊಂದು ಮನೆ ಹುಡುಕಿದ್ದು

ಮೂವತ್ಮೂರು ವರ್ಷ ತುಂಬುವವರೆಗೆ ನಾನು ಒಂದೇ ಒಂದು ಮನೆಯನ್ನೂ ಹುಡುಕಿದವಳಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಮನೆ ಹುಡುಕಿದವರು ಎಷ್ಟು ಜನ ಇದ್ದಾರು? ನಾನು ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ, ಅಪ್ಪ ಕಟ್ಟಿಸಿದ್ದ ಮನೆಯಲ್ಲಿ. ನರ್ಸಿಂಗ್ ಓದಿದ್ದು ಹಾಸ್ಟೆಲಿನಲ್ಲಿ. ಅಲ್ಲಿ ಯಾವ ಮಂಚ ನನ್ನದೆಂದು ವಾರ್ಡನ್ನೇ ಹೇಳಿದರು. ಮದುವೆಯಾಗಿ ಬಂದದ್ದು ಕಿಕ್ಕೇರಿಗೆ; ಅಲ್ಲಿ ಮನೆ, ಅತ್ತೆ, ಎರಡು ಎಮ್ಮೆ, ಜಗಲಿ ಎಲ್ಲವೂ ನನಗಿಂತ ಮೊದಲೇ ಇದ್ದವು. ಕೆಲಸ ಕೆ.ಆರ್. ಪೇಟೆಯ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ದಿನವೂ ಏಳೂಕಾಲಿನ ಬಸ್ಸು, ಡ್ರೈವರಿನ ಹಿಂದಿನ ಸೀಟು. ಎಂದಾದರೂ ನಾನು ತಡಮಾಡಿದರೆ ಕಂಡಕ್ಟರು, "ನರ್ಸಮ್ಮ ಬರ್ನಿಲ್ಲ ಕಣ್ಲಾ, ವಸಿ ತಡಿ" ಎಂದು ಬಸ್ಸನ್ನೇ ನಿಲ್ಲಿಸಿಕೊಂಡಿರುತ್ತಿದ್ದ. ಇಂಥವಳು ಮನೆ ಹುಡುಕುವ ವಿದ್ಯೆಯನ್ನೂ, ಆ ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯನ್ನು ಗೊತ್ತುಮಾಡಿಕೊಳ್ಳುವ ವಿದ್ಯೆಯನ್ನೂ ಕಲಿಯಬೇಕಾದದ್ದು ಸಮುದ್ರದಾಚೆಯ ಮಸ್ಕತ್ತಿನಲ್ಲಿ.

ತೊಂಬತ್ತರ ದಶಕ ಅರ್ಧಕ್ಕೆ ಬಂದಿದ್ದ ಕಾಲ. ಅಲ್ಲಿನ ಆಸ್ಪತ್ರೆಗಳಿಗೆ ನಮ್ಮ ದೇಶದ ನರ್ಸುಗಳು ಬೇಕಾಗಿದ್ದರು. ಜೊತೆಯವಳೊಬ್ಬಳು ಅರ್ಜಿ ಹಾಕುತ್ತೇನೆಂದಳು, ಒಬ್ಬಳೇ ಹೋಗಲು ಹೆದರಿಕೆ ಎಂದು ನನ್ನ ಕೈಯಲ್ಲೂ ಹಾಕಿಸಿದಳು. ಅವಳಿಗೆ ಸಿಗಲಿಲ್ಲ, ನನಗೆ ಸಿಕ್ಕಿತು. ಸಂಬಳವಿಲ್ಲದ ರಜೆ ಮಂಜೂರಾಗಿ ಬಂದ ದಿನ ಕಾಗದವನ್ನು ನಮ್ಮ ಯಜಮಾನರ ಮುಂದಿಟ್ಟೆ. ಬೇಡ ಅನ್ನಲಿ ಎಂಬ ಆಸೆ ಒಳಗೆ ಸ್ವಲ್ಪ ಇತ್ತು. ಅವರು ಕಿಕ್ಕೇರಿಯ ಹಾಲಿನ ಡೈರಿಯಲ್ಲಿ ಸೆಕ್ರೆಟರಿ, ಹೆಸರು ಶಿವಣ್ಣ. ಬೆಳಗಿನ ಹಾಲು, ಸಂಜೆಯ ಹಾಲು ಎಂದು ಹತ್ತು ವರ್ಷದಿಂದ ಬೇರೆ ಊರಿನಲ್ಲಿ ಒಂದರ ಹಿಂದೊಂದು ಎರಡು ರಾತ್ರಿ ತಂಗಿದವರಲ್ಲ. "ಓಗು. ಮೊದ್ಲು ನೀನೋಗಿ ಒಂದು ಮನೆ ಮಾಡು, ಆಮೇಕೆ ನಾನೂ ಕೂಸೂ ಬತ್ತೀವಿ. ನಾನಾದ್ರೂ ಎಷ್ಟು ದಿನಾಂತ ಹಾಲ್ಗೆ ನೀರು ಸೇರ್ಸವ್ರಾ ನೋಡ್ಕಂಡು ಕೂತಿರ್ಲಿ?" ಎಂದರು. ಅತ್ತೆ ಪಾಂಡವಪುರದ ದೊಡ್ಡ ಮಗನ ಮನೆಗೆ ಹೋಗಲು ನಮಗಿಂತ ಮೊದಲೇ ತಯಾರಾಗಿದ್ದರು. ಅಲ್ಲಿ ಟಿವಿ ಇತ್ತು. ಆರು ವರ್ಷದ ಪವಿತ್ರ ಅಳುತ್ತಾಳೆಂದು ನಾನು ಹೆದರಿದ್ದೆ. ಅವಳು ಅಳಲಿಲ್ಲ. "ಮೆಟ್ಲಿರೋ ಮನೆ ನೋಡವ್ವ" ಎಂದಳು. ಅತ್ತದ್ದು ನಾನು.

ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸುಗಳಿಗೆ ಹಾಸ್ಟೆಲಿತ್ತು, ಹಾಸ್ಟೆಲಿನ ಬಾಗಿಲಿಗೇ ಬಂದು ನಿಲ್ಲುವ ಬಸ್ಸಿತ್ತು. ಏನೂ ತೊಂದರೆಯಿರಲಿಲ್ಲ, ಅದೇ ತೊಂದರೆ. ಸಂಸಾರವನ್ನು ಕರೆಸಿಕೊಳ್ಳುವವರು ಸ್ವಂತಕ್ಕೆ ಬಾಡಿಗೆ ಮನೆ ಹಿಡಿದು, ಅದರ ಕರಾರುಪತ್ರ ತೋರಿಸಬೇಕು. ಆಮೇಲೆಯೇ ವೀಸಾದ ಮಾತು. ಬೇರೆ ಮನೆ ಹಿಡಿದರೆ ಆಸ್ಪತ್ರೆಯ ಬಸ್ಸು ಬರುವುದಿಲ್ಲ. ಅಂದರೆ ಮನೆಯನ್ನೂ ಹುಡುಕಬೇಕು, ಆ ಮನೆಯಿಂದ ಡ್ಯೂಟಿಗೆ ಹೊತ್ತಿಗೆ ಸರಿಯಾಗಿ ಬರುವ ದಾರಿಯನ್ನೂ ಹುಡುಕಬೇಕು.

ಈ ವಿಷಯವನ್ನು ಊರಿಗೆ ಬರೆದೆ. ನಮ್ಮ ಯಜಮಾನರು ಅಲ್ಲಿಂದಲೇ ನನ್ನ ಪ್ರಯಾಣದ ಏರ್ಪಾಟಿಗೆ ಕೂತರು. ಮೈಸೂರಿನಾಚೆ ಹೆಚ್ಚು ನೋಡದ ಮನುಷ್ಯ, ಡೈರಿಯ ರಸೀದಿ ಪುಸ್ತಕದ ಹಿಂಬದಿಯಲ್ಲಿ ಮಸ್ಕತ್ತಿನ ನಕ್ಷೆ ಬರೆಯತೊಡಗಿದರು. ಪ್ರತಿ ಕಾಗದದಲ್ಲೂ ಪ್ರಶ್ನೆಗಳು. ನೀನು ನೋಡಿದ ಮನೆ ಆಸ್ಪತ್ರೆಯಿಂದ ಕಿಕ್ಕೇರಿಗೂ ಪೇಟೆಗೂ ಇರುವಷ್ಟು ದೂರವೋ, ಪೇಟೆಗೂ ಪಾಂಡವಪುರಕ್ಕೂ ಇರುವಷ್ಟೋ? ನಡುವೆ ಎಲ್ಲಿ ಬಸ್ಸು ಬದಲಾಯಿಸಬೇಕು? ಅಲ್ಲಿ ಕಾಫಿ ಸಿಗುತ್ತದೆಯೋ? ನಾನೂ ಮಸ್ಕತ್ತನ್ನು ಮಂಡ್ಯ ಜಿಲ್ಲೆಗೆ ಅನುವಾದ ಮಾಡಿ ಬರೆಯುತ್ತಿದ್ದೆ. ಅಂಗಡಿಗಳ ಕೇರಿ ಪೇಟೆಯಾಯಿತು. ಸಮುದ್ರದ ಬದಿಯ ರಸ್ತೆ, ಬೇರೇನೂ ತೋಚದೆ, ಶ್ರೀರಂಗಪಟ್ಟಣದ ಗಂಜಾಂ ಆಯಿತು. ಗಂಜಾಮಿನಲ್ಲಿ ಇರುವುದು ಕಾವೇರಿ, ಇಲ್ಲಿರುವುದು ಸಮುದ್ರ. ಆದರೆ ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ನೀರು ನೋಡುವುದಾದರೆ ಎರಡೂ ಒಂದೇ. ಒಬ್ಬಳೇ ಕೂತಾಗ ಸಮುದ್ರ ಸ್ವಲ್ಪ ಹೆಚ್ಚು ಅನ್ನಿಸುತ್ತಿತ್ತು, ಅಷ್ಟೆ.

ಶುಕ್ರವಾರ ನನಗೆ ರಜೆ. ಅಂದು ಬೆಳಿಗ್ಗೆ ಕಿಕ್ಕೇರಿ ಬಸ್ ಸ್ಟ್ಯಾಂಡಿನ ಬೂತಿಗೆ ಫೋನ್ ಮಾಡುತ್ತಿದ್ದೆ. ಅಪ್ಪ ಮಗಳು ಅಲ್ಲಿ ಕಾದಿರುತ್ತಿದ್ದರು. ಪವಿತ್ರ ನನ್ನನ್ನು ಒಂದು ದಿನವೂ ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ. "ಅವ್ವಾ, ಮನೆ ಸಿಕ್ತಾ?" ಎನ್ನುವಳು. "ಇನ್ನೂ ಇಲ್ಲ ಕೂಸೇ" ಎನ್ನುವೆ. "ಸರಿ, ಅಪ್ಪಂಗೆ ಕೊಡ್ತೀನಿ" ಎಂದು ಫೋನು ದಾಟಿಸಿಬಿಡುವಳು. ಮನೆ ಕೊಡದ ದಲ್ಲಾಳಿಯ ಹತ್ತಿರ ಮಾತಾಡಿದ ಹಾಗೆ.

ಹುಡುಕಾಟದ ಮೊದಲ ದಿನ ಮನೆ ನೋಡುವುದಿರಲಿ, ನಾನು ಟ್ಯಾಕ್ಸಿಯನ್ನೇ ಹತ್ತಲಿಲ್ಲ. ಅಲ್ಲಿ ನಾಲ್ಕೈದು ಜನ ಸೇರಿ ಹೋಗುವ ಬಿಳಿ ಕೇಸರಿ ಬಣ್ಣದ ಟ್ಯಾಕ್ಸಿಗಳಿದ್ದವು. ರಸ್ತೆಯ ಬದಿಯಲ್ಲಿ ನಿಂತೆ. ಒಂದು ಟ್ಯಾಕ್ಸಿ ನಿಧಾನ ಮಾಡಿ ಪೀಂ ಎಂದಿತು. ಒಬ್ಬಂಟಿ ಹೆಂಗಸನ್ನು ಕಂಡು ಹಾರ್ನ್ ಹೊಡೆಯುತ್ತಾನಲ್ಲ ಎಂದು ದುರುಗುಟ್ಟಿ ನೋಡಿದೆ. ಹೋಯಿತು. ಇನ್ನೊಂದು ಬಂತು, ಅದೂ ಪೀಂ ಎಂದಿತು. ಅದಕ್ಕೂ ಅದೇ ನೋಟ. ಹೀಗೆ ಮುಕ್ಕಾಲು ಗಂಟೆ ಒಮಾನಿನ ಟ್ಯಾಕ್ಸಿ ಚಾಲಕರಿಗೆಲ್ಲ ದೇವಲಾಪುರದ ಹೆಣ್ಣಿನ ಮಾನಮರ್ಯಾದೆ ಎಂಥದೆಂದು ತೋರಿಸಿ, ಬಿಸಿಲಲ್ಲಿ ಕೆಂಪಾಗಿ ಹಾಸ್ಟೆಲಿಗೆ ವಾಪಸು ಬಂದೆ. ಕೇರಳದ ಹಿರಿಯ ನರ್ಸ್ ಸಾರಮ್ಮ ನನ್ನ ಪಕ್ಕದ ಮಂಚದವರು. ಕತೆ ಕೇಳಿ ಅವರು ನಗಲೂ ಇಲ್ಲ. "ಬರುತ್ತೀಯಾ ಎಂದು ಅವರು ಕೇಳುವುದೇ ಹಾಗೆ. ಹತ್ತಬೇಕಾದರೆ ಕೈ ತೋರಿಸು" ಎಂದಷ್ಟೇ ತಮ್ಮ ಮುರುಕು ಕನ್ನಡದಲ್ಲಿ ಹೇಳಿದರು.

ಆಮೇಲೆ ಕೈ ತೋರಿಸಿ ಊರೆಲ್ಲ ಸುತ್ತಿದೆ. ಒಂದು ಮನೆಯಲ್ಲಿ ಅಡುಗೆಮನೆ ಎಂದು ತೋರಿಸಿದ್ದು ಬೀರುವಿನಷ್ಟಿತ್ತು. ಇನ್ನೊಂದು ಚೆನ್ನಾಗಿತ್ತು, ಆದರೆ ಟ್ಯಾಕ್ಸಿ ಸಿಗುವ ರಸ್ತೆಗೆ ಅರ್ಧ ಗಂಟೆ ನಡೆಯಬೇಕು. ಆ ಬಿಸಿಲಲ್ಲಿ ನಡೆದರೆ ನಾನು ಆಸ್ಪತ್ರೆಯನ್ನು ನರ್ಸಾಗಿ ಅಲ್ಲ, ರೋಗಿಯಾಗಿ ಸೇರಬೇಕಿತ್ತು. ತಿಂಗಳುಗಳು ಕಳೆದವು. ಕೊನೆಗೆ ಸಾರಮ್ಮನೇ ಒಂದು ವಿಳಾಸ ತಂದರು: ಉಮ್ ಸಾಲಿಂ ಎಂಬಾಕೆಯ ಮನೆ, ಮಹಡಿಯ ಮೇಲೆ ಎರಡು ಕೋಣೆ. ಉಮ್ ಸಾಲಿಂ ಎಂದರೆ ಸಾಲಿಮನ ಅವ್ವ ಎಂದರ್ಥವಂತೆ. ಕಿಕ್ಕೇರಿಯಲ್ಲಿ ನನ್ನನ್ನೂ ಅರ್ಧ ಜನ ಪವಿತ್ರನ ಅವ್ವ ಎಂದೇ ಕರೆಯುವುದು. ಆದ್ದರಿಂದ ಹೋಗುವ ಮೊದಲೇ ಪರಿಚಯವಾದಂತಾಯಿತು.

ಆಕೆಗೆ ಹಿಂದಿ ಬರುತ್ತಿತ್ತು. ನನಗೆ ಬರುತ್ತಿದ್ದದ್ದು ಹೆರಿಗೆ ವಾರ್ಡಿನ ಉರ್ದು ಮಾತ್ರ, ಪೇಟೆಯ ಮುಸ್ಲಿಂ ಹೆಣ್ಣುಮಕ್ಕಳಿಂದ ಕಲಿತದ್ದು. ನೋವು ಯಾವಾಗ ಶುರುವಾಯಿತು, ಇದು ಎಷ್ಟನೆಯದು, ಹೆದರಬೇಡ, ಎಷ್ಟು ತಿಂಗಳಾಯಿತು: ಇಷ್ಟೇ ನನ್ನ ಭಾಷಾಸಂಪತ್ತು. ಮನೆ ನೋಡಿದೆ, ಒಪ್ಪಿಗೆಯಾಯಿತು. ಎಷ್ಟು ತಿಂಗಳ ಮುಂಗಡ ಎಂದು ಕೇಳಬೇಕಿತ್ತು. ಇದ್ದುದರಲ್ಲಿ ಹತ್ತಿರದ ವಾಕ್ಯ ತೆಗೆದು, "ಕಿತ್ತೇ ಮೈನೇ?" ಎಂದೆ. ಆಕೆಯ ಮುಖ ಅರಳಿತು. "ಆಠ್" ಎಂದಳು. ಎಂಟು ತಿಂಗಳ ಮುಂಗಡ ಎಂದು ನಾನು ತಿಳಿದುಕೊಂಡೆ. ಸ್ವಲ್ಪ ಕಡಿಮೆ ಮಾಡಿ ಎಂದು ಕೈಸನ್ನೆಯಲ್ಲಿ ಬೇಡಿಕೊಂಡೆ. ಆಕೆ ಗಾಬರಿಯಾಗಿ ಬಾಗಿಲ ಕಡೆ ನೋಡಿದಳು. ಅಲ್ಲಿ ಆಕೆಯ ಸೊಸೆ ಸೊಂಟ ಹಿಡಿದುಕೊಂಡು ನಿಂತಿದ್ದಳು, ಎಂಟು ತಿಂಗಳ ಬಸುರಿ. ನಾನು ಹೆರಿಗೆ ವಾರ್ಡಿನ ನರ್ಸೆಂದು ಸಾರಮ್ಮ ಮೊದಲೇ ಹೇಳಿದ್ದರಂತೆ. ಈ ನರ್ಸು ಕೇಳದೆಯೇ ಸೊಸೆಯನ್ನು ವಿಚಾರಿಸಿದಳಲ್ಲ ಎಂದು ಉಮ್ ಸಾಲಿಮಳಿಗೆ ಸಂತೋಷವಾಗಿತ್ತು. ಅರ್ಥವಾದ ಮೇಲೆ ಮೂವರೂ ನೆಲದಲ್ಲಿ ಕೂತು ನಕ್ಕೆವು. ಮುಂಗಡ ಒಂದೇ ತಿಂಗಳದು. ಒಬ್ಬಳಿಗೆ ಎರಡು ಕೋಣೆ ಯಾಕೆ ಎಂದು ಆಕೆ ಕೇಳಿದಳು. ಮಗಳು ಬರುತ್ತಾಳೆ ಎಂದು ಹೇಳಲು ನನ್ನ ಉರ್ದುವಿನಲ್ಲಿ ಮಾತಿರಲಿಲ್ಲ. ಕೈಯನ್ನು ನೆಲದಿಂದ ಇಷ್ಟೆತ್ತರ ಹಿಡಿದು ತೋರಿಸಿದೆ. ಆಕೆ ಆ ಕೈಯ ಕೆಳಗಿನ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ಬೀಗದ ಕೈ ಕೊಟ್ಟಳು.

ಕರಾರುಪತ್ರ ಕಚೇರಿಗೆ ಹೋಯಿತು. ವೀಸಾ ಬರುವುದು ಮಾತ್ರ ತಡವಾಗುತ್ತಲೇ ಇತ್ತು. ನಾನು ಆ ಮನೆಯಲ್ಲಿ ಒಬ್ಬಳೇ ಇದ್ದೆ. ಆಸ್ಪತ್ರೆಯ ದಾರಿ ಗಟ್ಟಿಯಾಗಿತ್ತು: ಟ್ಯಾಕ್ಸಿಯಲ್ಲಿ ಎರಡು ವೃತ್ತ ದಾಟುವುದು, ಆಮೇಲೆ ಐದು ನಿಮಿಷದ ನಡಿಗೆ. ಉಳಿದದ್ದು ಮಗಳ ದಾರಿ. ನಮ್ಮ ದೇಶದ ಮಕ್ಕಳು ಹೋಗುವ ಒಂದು ಶಾಲೆ ಹತ್ತಿರದಲ್ಲಿತ್ತು. ಆರು ವರ್ಷದವಳು ಎಷ್ಟು ಹೊತ್ತಿಗೆ ತಲುಪಬಹುದು? ಶುಕ್ರವಾರದ ಬೆಳಿಗ್ಗೆಗಳಲ್ಲಿ ರಸ್ತೆ ಖಾಲಿ. ಗಡಿಯಾರ ನೋಡಿಕೊಂಡು ಹೊರಟು, ಪವಿತ್ರನಂತೆ ಪುಟ್ಟ ಪುಟ್ಟ ಹೆಜ್ಜೆ ಹಾಕಿ ನಡೆದು ನೋಡುತ್ತಿದ್ದೆ. ಅವಳು ಬೆಕ್ಕು ಕಂಡಲ್ಲಿ ನಿಲ್ಲುತ್ತಾಳೆ, ಅದಕ್ಕೆ ಒಂದು ನಿಮಿಷ. ಚಪ್ಪಲಿಯ ಕಲ್ಲು ತೆಗೆಯುತ್ತಾಳೆ, ಅದಕ್ಕೊಂದು. ಇಪ್ಪತ್ತೆರಡು ನಿಮಿಷ ಬೇಕೆಂದು ತೀರ್ಮಾನವಾಯಿತು. ರಸ್ತೆ ದಾಟುವಾಗ ಎಡಗೈ ತಾನಾಗಿಯೇ ಕೆಳಕ್ಕೆ ಚಾಚಿಕೊಳ್ಳುತ್ತಿತ್ತು. ಎದುರಿನ ಅಂಗಡಿಯವನು ಏನು ತಿಳಿದುಕೊಂಡನೋ, ಒಂದು ದಿನ ಎದ್ದು ಬಂದು, ಕಾಲಿಗೆ ಏನಾಗಿದೆ ಎಂದು ವಿಚಾರಿಸಿದ.

ನಾನು ಊರು ಬಿಟ್ಟು ಒಂದೂವರೆ ವರ್ಷಕ್ಕೆ ಅವರು ಬಂದರು. ವಿಮಾನ ನಿಲ್ದಾಣದಲ್ಲಿ ಯಜಮಾನರು ನನ್ನನ್ನು ನೋಡಿ, "ಸೊರಗ್ಬುಟ್ಟಿದ್ದೀಯ ಕಣಮ್ಮಿ" ಎಂದರು. ಪಕ್ಕದಲ್ಲಿ ಉದ್ದ ಲಂಗದ ಹುಡುಗಿ. ನಾನು ಎತ್ತಿಕೊಳ್ಳಲು ಬಗ್ಗಿದೆ. ಬಗ್ಗುವ ಅಗತ್ಯವೇ ಇರಲಿಲ್ಲ. ಅವಳ ತಲೆ ನನ್ನ ಎದೆಗೆ ಬಂದಿತ್ತು.

ಶಾಲೆ ಸೇರಿದ ದಿನ ನನ್ನ ಲೆಕ್ಕದಂತೆ ಇಪ್ಪತ್ತೆರಡು ನಿಮಿಷ ಮೊದಲೇ ಹೊರಡಿಸಿದೆ. ಅವಳು ಬೆಕ್ಕಿನ ಕಡೆ ನೋಡಲಿಲ್ಲ. ರಸ್ತೆಯನ್ನು ಕೈ ಕೊಡದೆ ದಾಟಿದಳು. ಹತ್ತು ನಿಮಿಷಕ್ಕೆ ಗೇಟಿನ ಮುಂದಿದ್ದೆವು, ಗೇಟು ತೆಗೆದಿರಲಿಲ್ಲ. "ಇಷ್ಟು ಬೇಗ ಯಾಕವ್ವ ಕರ್ಕ ಬಂದೆ?" ಎಂದಳು. ಆ ಹನ್ನೆರಡು ನಿಮಿಷ ಎಲ್ಲಿ ಹೋದವೆಂದು ಅವಳಿಗೆ ಹೇಗೆ ಹೇಳಲಿ? ಗೇಟು ತೆಗೆಯುವವರೆಗೆ ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ನಿಂತೆ. ಚೆನ್ನಾಗಿಯೇ ಇದ್ದ ಜಡೆ.

ಆಮೇಲೆ ಎರಡು ವರ್ಷ ಆ ಮಹಡಿಯಲ್ಲಿ ಮೂವರೂ ಇದ್ದೆವು. ಯಜಮಾನರು ಮನೆಯೊಡತಿಯ ಮಗ ಸಾಲಿಮನ ಅಂಗಡಿಯಲ್ಲಿ ಕೆಲಸಕ್ಕೆ ಕೂತರು. ಅಲ್ಲಿ ಹಾಲು ಡಬ್ಬದಲ್ಲಿ ಬರುತ್ತಿದ್ದುದರಿಂದ ನೀರು ಸೇರಿಸಿದವರನ್ನು ಹಿಡಿಯುವ ಅವಕಾಶವಿಲ್ಲದೆ ಮೊದಮೊದಲು ಮಂಕಾಗಿದ್ದರು, ಆಮೇಲೆ ಸರಿಹೋದರು. ಸಾಲಿಮನ ಹೆಂಡತಿಗೆ ಹುಟ್ಟಿದ್ದ ಗಂಡುಮಗು ನಮ್ಮ ಪವಿತ್ರನ ಸೊಂಟದ ಮೇಲೆಯೇ ಬೆಳೆಯಿತು, ನಾಲ್ಕು ಮಾತು ಮಂಡ್ಯದ ಕನ್ನಡವನ್ನೂ ಕಲಿಯಿತು. ಅಷ್ಟರಲ್ಲಿ ನನ್ನ ರಜೆ ಮುಗಿಯಿತು, ಬಂದುಬಿಟ್ಟೆವು.

ಈಗ ನನ್ನನ್ನು ಶ್ರೀರಂಗಪಟ್ಟಣದ ಆಸ್ಪತ್ರೆಗೆ ವರ್ಗ ಮಾಡಿದ್ದಾರೆ. ಕಿಕ್ಕೇರಿಯಿಂದ ದಿನವೂ ಎರಡು ಬಸ್ಸು ಬದಲಾಯಿಸಿ, ಎರಡೂವರೆ ಗಂಟೆ ಹೋಗಿ, ಎರಡೂವರೆ ಗಂಟೆ ಬರುತ್ತೇನೆ. "ಮಸ್ಕತ್ತಲ್ಲಿ ಮನೆ ಮಾಡ್ದೋಳ್ಗೆ ಪಟ್ಣದಲ್ಲಿ ಒಂದು ಮನೆ ಸಿಕ್ಕಾಕಿಲ್ವಾ?" ಎಂದು ಯಜಮಾನರು ರೇಗುತ್ತಾರೆ. ಪವಿತ್ರನ ಶಾಲೆ ಕಿಕ್ಕೇರಿಯಲ್ಲೇ, ಮನೆ ಹಿಡಿದರೆ ಅಲ್ಲಿರಬೇಕಾದವಳು ನಾನೊಬ್ಬಳೇ. ಏಳು ತಿಂಗಳಿಂದ ನೋಡುತ್ತಲೇ ಇದ್ದೇನೆ. ಒಂದರ ಗೋಡೆ ಜಿನುಗುತ್ತದೆ ಎಂದೆ, ಇನ್ನೊಂದರಲ್ಲಿ ಗಾಳಿಯಿಲ್ಲ ಎಂದೆ. ಹೋದ ವಾರ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಒಂದು ಮನೆ ನೋಡಿದೆ. ದೋಷ ಹೇಳಲು ಏನೂ ಇರಲಿಲ್ಲ. ಮನೆಯ ಮುದುಕಿ ಒಳ್ಳೆಯವಳು, ಬಾಯ್ತುಂಬ ಮಾತಾಡಿಸಿ ಕಾಫಿಯನ್ನೂ ಕೊಟ್ಟಳು. ಲೋಟ ಕೆಳಗಿಟ್ಟು, "ಬೇಡಮ್ಮ, ದೂರ ಆಗ್ತದೆ" ಎಂದೆ.

ಮುದುಕಿ ಆಸ್ಪತ್ರೆಯ ಕಾಂಪೌಂಡನ್ನು ನೋಡಿದಳು, ನನ್ನ ಬಿಳಿ ಸೀರೆಯನ್ನು ನೋಡಿದಳು. "ಯಾವೂರ್ಗವ್ವ ದೂರ?" ಎಂದಳು.

ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎದ್ದು ಬಂದೆ. ಪಾಂಡವಪುರದವರೆಗೂ ಸೀಟು ಸಿಗಲಿಲ್ಲ.