ತಮ್ಮ ಸೋಲು, ನಮ್ಮ ಬಂಗುಡೆ

ವಿದರ್‌ಕೋಟ್ ಟೌನ್ ಫುಟ್‌ಬಾಲ್ ಕ್ಲಬ್ಬಿನ ಆಡಳಿತ ಮಂಡಳಿಯ ಮಾನ್ಯರೇ,

ಇಂಗ್ಲೆಂಡಿನ ಲೀಗಿನಲ್ಲಿ ಮೇಲಿನ ದರ್ಜೆಯ ಆಡಂಬರಕ್ಕೆ ಆಸೆಪಡದೆ ಬಾಳುತ್ತಿರುವ ತಮ್ಮ ಆಟಗಾರರ ಪಾದಗಳಿಗೆ, ಅದರಲ್ಲೂ ಗೋಲಿನ ಮುಂದೆ ನಿಂತಾಗ ಒದೆಯುವುದನ್ನೇ ಮರೆಯುವ ಪಾದಗಳಿಗೆ, ನೆದರ್ಲೆಂಡ್ಸಿನ ಹೂಫ್‌ಡಾರ್ಪ್‌ನಿಂದ ತುಂಬು ಬಸುರಿಯೊಬ್ಬಳ ನಮಸ್ಕಾರಗಳು. ಸಾಷ್ಟಾಂಗ ಈಗ ಸಾಧ್ಯವಿಲ್ಲವಾದ್ದರಿಂದ ಕುಳಿತಲ್ಲಿಂದಲೇ ಮಾಡಿದ್ದನ್ನು ಸ್ವೀಕರಿಸಬೇಕು.

ನನ್ನ ಯಜಮಾನರು ಸೃಜನ್ ತಾವಿರುವ ವಿದರ್‌ಕೋಟ್‌ನಲ್ಲಿ ಎಂ.ಎಸ್ಸಿ. ಓದಿ, ಬರುವಾಗ ಒಂದು ಪದವಿಯನ್ನೂ ಒಂದು ಕೆಮ್ಮನ್ನೂ ತಮ್ಮ ಕ್ಲಬ್ಬಿನ ಮೇಲಿನ ಅಭಿಮಾನವನ್ನೂ ತಂದರು. ಕೆಮ್ಮು ವಾಸಿಯಾಯಿತು. ನಾಲ್ಕು ಸೀಸನ್ನಿನ ಹಿಂದೆ, ಡ್ರಾ ಮಾಡಿಕೊಂಡರೂ ತಾವು ಮೂರನೇ ದರ್ಜೆಯಿಂದ ಎರಡನೆಯದಕ್ಕೆ ಏರಬಹುದಾಗಿದ್ದ ಕೊನೆಯ ಪಂದ್ಯದ ದಿನ, ಅವರು ಉಡುಪಿಯ ಮನೆದೈವವನ್ನು ನೆನೆದು, ತಾವು ಏರುವ ತನಕ ಮೀನು ಮುಟ್ಟುವುದಿಲ್ಲವೆಂದು ಹರಕೆ ಹೇಳಿಕೊಂಡರು. ತೊಂಬತ್ತು ನಿಮಿಷದ ವ್ರತವೆಂದೇ ಅವರ ಲೆಕ್ಕ. ತಾವು ಸ್ವಂತ ಗೋಲಿಗೇ ಚೆಂಡು ಹೊಡೆದುಕೊಂಡಿರಿ.

ತಮ್ಮ ಜಾಲತಾಣದ ಸೀಸನ್‌ವಾರು ಇತಿಹಾಸವನ್ನು ನಾನು ನನ್ನ ಜಾತಕಕ್ಕಿಂತ ಹೆಚ್ಚು ಓದಿದ್ದೇನೆ. ಮರುವರ್ಷದ ಒಂಬತ್ತನೇ ಸ್ಥಾನವನ್ನು ಅದು ‘ಭದ್ರ ಬುನಾದಿ’ ಎನ್ನುತ್ತದೆ. ಅದರಾಚೆಯ ವರ್ಷ ಬುನಾದಿಯ ಸಮೇತ ನಾಲ್ಕನೇ ದರ್ಜೆಗೆ ಇಳಿದದ್ದು ‘ಹೊಸ ಅಧ್ಯಾಯ’ವಂತೆ. ಕಳೆದ ವರ್ಷ ಮತ್ತೆ ಮೂರನೆಯದಕ್ಕೆ ಬಂದಿರಲ್ಲ, ನಾನು ಶುಕ್ರವಾರದ ಸಂತೆಗೆ ಓಡಿ ಬಂಗುಡೆ ತಂದೆ. “ಇದು ಏರಿದ್ದಲ್ಲ ಮಾರಾಯ್ತಿ, ಬಿದ್ದಲ್ಲಿಂದ ಎದ್ದದ್ದು ಅಷ್ಟೆ” ಎಂದುಬಿಟ್ಟರು. ಬಂಗುಡೆ ಪಕ್ಕದ ಮನೆಯ ಬೆಕ್ಕಿಗೆ ಹೋಯಿತು. ತಮ್ಮ ಇತಿಹಾಸದಿಂದ ಲಾಭ ಪಡೆದ ಜೀವ ಸದ್ಯಕ್ಕೆ ಅದೊಂದೇ.

ಈಗ ನನಗೆ ಬಯಕೆಯ ದಿನಗಳು. ಕಾಯಿ, ಕೊತ್ತಂಬರಿ, ಬ್ಯಾಡಗಿ ಮೆಣಸು ಅರೆದು ಹುಣಸೆ ಹಿಂಡಿದ ಬಂಗುಡೆ ಸಾರು ಕನಸಿಗೂ ಬರುತ್ತಿದೆ. ಇಲ್ಲಿನ ಸೂಲಗಿತ್ತಿಯೂ ಮೀನು ತಿನ್ನಿ ಎಂದಿದ್ದಾರೆ. ಯಜಮಾನರು “ನೀನು ತಿನ್ನು, ನಾನು ಬೇಡ ಅಂತೇನಾ?” ಎಂದು ಉದಾರವಾಗಿ ಹೇಳಿ, ಎದುರಿಗೆ ಮೊಸರನ್ನ ಕಲಸಿಕೊಂಡು ನನ್ನ ತಟ್ಟೆಯನ್ನೇ ನೋಡುತ್ತಾ ಕೂರುತ್ತಾರೆ. ನಾನು ತಟ್ಟೆಯನ್ನು ಹಾಗೇ ಸರಿಸಿ ಏಳುತ್ತೇನೆ. ನನಗೆ ಬೇಕಿರುವುದು ಬರಿಯ ಮೀನಲ್ಲ ಮಾನ್ಯರೇ, ಮಗು ಬರುವ ಮೊದಲು ಒಮ್ಮೆಯಾದರೂ ನಾವಿಬ್ಬರೂ ಒಟ್ಟಿಗೆ ಕೂತು ಅದನ್ನು ಉಣ್ಣಬೇಕು.

ದೈವದ ಮುಂದೆ ತಪ್ಪುಕಾಣಿಕೆ ಇಟ್ಟರೆ ಹರಕೆಯಿಂದ ಬಿಡುಗಡೆಯುಂಟೆಂದು ಊರಿನಿಂದ ಅತ್ತೆ ರಾಜೀವಿಯವರು ಫೋನಿನಲ್ಲಿ ದಾರಿ ತೋರಿಸಿದ್ದಾರೆ. ಆದರೆ ತಪ್ಪು ಯಾರದು? ಆದ್ದರಿಂದ ತಮ್ಮ ಹನ್ನೊಂದು ಮಂದಿ ಆಟಗಾರರೂ ಸ್ನಾನ ಮಾಡಿ, ಬಿಳಿ ಮುಂಡು ಉಟ್ಟು, ಉಡುಪಿಗೆ ಬಂದು ಸಾಲಾಗಿ ನಿಂತು ತಾವೇ ಕಾಣಿಕೆ ಹಾಕಬೇಕಾಗಿ ಕೋರುತ್ತೇನೆ. ಕಾಣಿಕೆ ಡಬ್ಬಿಯ ಬಾಯಿ ಗೋಲಿಗಿಂತ ಬಹಳ ಚಿಕ್ಕದು. ಹೊರಗೆ ಬಿದ್ದದ್ದನ್ನು ಹೆಕ್ಕಲು ಯಾರನ್ನಾದರೂ ಜೊತೆಗೆ ಕರೆತನ್ನಿ.

ಇಷ್ಟಾದರೂ ತಮ್ಮ ವಿಶ್ವಾಸಿ,
ಕ್ಷಮಾ ಸೃಜನ್
ಹೂಫ್‌ಡಾರ್ಪ್

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ತಾವು ನಾಲ್ಕು ಗೋಲುಗಳಿಂದ ಗೆದ್ದ ಸುದ್ದಿ ಬಂತು. ಹರಕೆ ಫಲಿಸತೊಡಗಿದೆಯೆಂದು ಹಿಗ್ಗಿದ ಯಜಮಾನರು ಈಗ ಕೋಳಿಯನ್ನೂ ಬಿಟ್ಟಿದ್ದಾರೆ. ಮುಂದಿನ ಶನಿವಾರ ದಯವಿಟ್ಟು ಸೋತು ಉಪಕಾರ ಮಾಡಿ. ಈ ಮನೆಯಲ್ಲಿ ಇನ್ನು ಉಳಿದಿರುವುದು ಮೊಟ್ಟೆ ಮಾತ್ರ.