ಮಾವನ ಖಾಲಿ ಮೂವತ್ತು ಕಿಲೋ

ಇಡೀ ಕುವೈತಿನಲ್ಲಿ ಸಂಪೂರ್ಣ ಸ್ವತಂತ್ರನಾಗಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಒಂದು ಮಧ್ಯಾಹ್ನ, ಎಡಗೈಯಲ್ಲಿ ಸಮೋಸಾ ಹಿಡಿದುಕೊಂಡು, ಬಲಗೈಯ ಹೆಬ್ಬೆರಳಿನಿಂದ ಮುಗಿಸಿಬಿಟ್ಟೆ. ಗಾಬರಿಯಾಗಬೇಡಿ, ಕೊಲೆಯಲ್ಲ! ಒಂದು ವಾಟ್ಸಾಪ್ ಮೆಸೇಜು, ಅಷ್ಟೇ. ಆದರೆ ಸಮೋಸಾ ಮುಗಿಯುವಷ್ಟರಲ್ಲಿ ಆ ಮನುಷ್ಯನ ಸ್ವಾತಂತ್ರ್ಯವೂ ಮುಗಿದಿತ್ತು. ಆ ಮನುಷ್ಯ ನನ್ನ ಸ್ವಂತ ಸೋದರಮಾವ. ಇಷ್ಟು ದೊಡ್ಡ ಎಡವಟ್ಟನ್ನು ಹೊರಗಿನವರಿಗೆ ಮಾಡಲು ನನಗೆ ಸಂಕೋಚವಾಗುತ್ತದೆ, ಏನಿದ್ದರೂ ಮನೆಯವರಿಗೇ.

ಫರ್ವಾನಿಯಾದ ಹಳೇ ಕಟ್ಟಡವೊಂದರ ಐದನೇ ಮಹಡಿಯಲ್ಲಿ ನಾವು ಮೂವರು. ಮಾವ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ನಾನು ಅದೇ ರಸ್ತೆಯ ಕಾರ್ ಶೋರೂಮಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ಕೆಲಸ ಮಾಡುತ್ತಿರುವಂತೆ ಕಾಣುವುದನ್ನೇ ಕೆಲಸ ಮಾಡಿಕೊಂಡವನು. ಮೂರನೆಯವರು ಉಳ್ಳಾಲದ ಹಮೀದ್ ಕಾಕ, ಅತ್ತರಿನ ಅಂಗಡಿಯಲ್ಲಿದ್ದಾರೆ, ಊಟಕ್ಕೆ ಒಣಮೀನು ಬೇಕೇ ಬೇಕು. ಹಾಗಾಗಿ ನಮ್ಮ ಫ್ಲ್ಯಾಟಿಗೆ ಸದಾ ಅತ್ತರು ಪೂಸಿದ ಒಣಮೀನಿನ ಪರಿಮಳ.

ಮಾವನಿಗೆ ಐವತ್ತು ದಾಟಿದೆ. ಮದುವೆಯಾಗಿಲ್ಲ. 'ನಾನು ಯಾರಿಗೂ ಕಟ್ಟುಬಿದ್ದವನಲ್ಲ' ಎನ್ನುವುದು ಅವನ ರಾಷ್ಟ್ರಗೀತೆ. ದಿನಕ್ಕೊಮ್ಮೆಯಾದರೂ ಹಾಡುತ್ತಾನೆ, ನಾವು ಎದ್ದು ನಿಲ್ಲುವುದಿಲ್ಲ ಅಷ್ಟೇ.

"ಕಫೀಲ್ ಸೈನ್ ಹಾಕದಿದ್ರೆ ಇಕಾಮಾ ಇಲ್ಲ, ಇಕಾಮಾ ಇಲ್ಲದಿದ್ರೆ ಈ ದೇಶದಲ್ಲಿ ನಿಲ್ಲಿಕ್ಕೇ ಇಲ್ಲ. ನಿಮ್ಮದು ಎಂತ ಸ್ವಾತಂತ್ರ್ಯ ಮಾರಾಯ್ರೇ?" ಎಂದು ಕಾಕ ಕೆಣಕುತ್ತಾರೆ. ಕಫೀಲ್ ಎಂದರೆ ನಮ್ಮ ವೀಸಾಕ್ಕೆ ಜಾಮೀನು ನಿಂತ ಇಲ್ಲಿನ ಧಣಿ, ಇಕಾಮಾ ಎಂದರೆ ಇಲ್ಲಿ ವಾಸಿಸುವ ಪರವಾನಗಿ.

"ಅದು ಸರ್ಕಾರದ್ದು ಹಮೀದ್. ಸರ್ಕಾರ ಯಾವಾಗಲೋ ಒಮ್ಮೆ ಕೇಳ್ತದೆ, ಕೊಟ್ರೆ ಸುಮ್ಮನಾಗ್ತದೆ. ಸಮಾಜ ಹಾಗಾ? ಊಟ ಆಯ್ತಾ ಕೇಳ್ತದೆ, ಎಲ್ಲಿಗೆ ಹೋದದ್ದು ಕೇಳ್ತದೆ, ಮದುವೆ ಎಂತಕ್ಕೆ ಆಗ್ಲಿಲ್ಲ ಕೇಳ್ತದೆ! ನಾನು ಬಿಟ್ಟದ್ದು ಅದನ್ನು."

ಬಿಟ್ಟದ್ದು ಹೇಗೆ ಅಂತೀರಿ? ನಮ್ಮ ಕೋಣೆಗೆ ಏಸಿ ಒಂದೇ. ಕಾಕನಿಗೆ ಅದು ಹದಿನೆಂಟಕ್ಕೆ ಇಳಿಯದಿದ್ದರೆ ನಿದ್ದೆ ಬರುವುದಿಲ್ಲ. ಮಾವನಿಗೆ ಇಪ್ಪತ್ತೈದರಲ್ಲೇ ಹಲ್ಲು ಕಟಕಟ. 'ಸ್ವಲ್ಪ ಏರಿಸಿ' ಎಂದರೆ ಮುಗಿಯಿತಲ್ಲ? ಮಾವ ಹೇಳುವುದಿಲ್ಲ! ಹೇಳಿದರೆ ಕಾಕನ ಸ್ವಾತಂತ್ರ್ಯ ಹೋಯಿತು, ಕೇಳಿಕೊಂಡರೆ ತನ್ನದು ಹೋಯಿತು. ಆದ್ದರಿಂದ ಹೊರಗೆ ಕಾರಿನ ಬಾನೆಟ್ ಮೇಲೆ ಆಮ್ಲೆಟ್ ಹಾಕಬಹುದಾದ ಆಗಸ್ಟ್ ತಿಂಗಳಲ್ಲಿ ನಮ್ಮ ಮಾವ ಉಣ್ಣೆಯ ಸ್ವೆಟರು, ಕಾಲುಚೀಲ, ಮಂಕಿ ಕ್ಯಾಪು ಹಾಕಿಕೊಂಡು ಮಲಗುತ್ತಾನೆ. ಒಂದು ಮುಂಜಾನೆ ಅದೇ ವೇಷದಲ್ಲಿ ಕಸ ಹಾಕಲು ಕೆಳಗಿಳಿದಿದ್ದ. ಕಟ್ಟಡದ ಈಜಿಪ್ಟಿನ ವಾಚ್‌ಮನ್ ಕಳ್ಳನೆಂದು ಪೊರಕೆ ಎತ್ತಿ, ಗುರುತು ಸಿಕ್ಕಮೇಲೆ ಹಣೆಗೆ ಬೆರಳು ತಿರುಗಿಸಿ, "ಮಜ್ನೂನ್!" ಎಂದನಂತೆ. ಹುಚ್ಚ ಎಂದು ಅರ್ಥ. ಮಾವ ಹೆಮ್ಮೆಯಿಂದ ಬಂದು ವರದಿ ಮಾಡಿದ: "ನೋಡು, ಸ್ವತಂತ್ರ ಮನುಷ್ಯನನ್ನು ಜಗತ್ತು ಹೀಗೇ ಕರೆಯುದು."

ಕ್ಷೌರದ ಕತೆ ಕೇಳಿ. ಕ್ಷೌರಿಕನ ಮುಂದೆ ತಲೆ ಬಗ್ಗಿಸುವುದು ಗುಲಾಮಗಿರಿ ಎಂದು ಮಾವನಿಗೆ ಒಂದು ಶುಕ್ರವಾರ ಹೊಳೆಯಿತು. ಕತ್ತರಿ ಕೊಂಡು ತಂದ. ಕನ್ನಡಿಯ ಮುಂದೆ ನಿಂತು ಮುಂಭಾಗವನ್ನು ಚೆನ್ನಾಗಿಯೇ ಮುಗಿಸಿದ. ಎಡ ಕಿವಿ, ಬಲ ಕಿವಿ, ಎರಡೂ ಪಾಸು. ಆಮೇಲೆ ಕತ್ತರಿ ಗಾಳಿಯಲ್ಲಿ ನಿಂತಿತು. ಕೊನೆಗೆ ಸಣ್ಣ ಸ್ವರದಲ್ಲಿ, "ಮಾರಾಯ, ಹಿಂದೆ ಸ್ವಲ್ಪ ಹಿಡಿ" ಎಂದ. ಮನುಷ್ಯ ಎಷ್ಟೇ ಸ್ವತಂತ್ರನಾದರೂ ಅವನ ತಲೆಯ ಹಿಂಭಾಗ ಮಾತ್ರ ಸಮಾಜಕ್ಕೆ ಸೇರಿದ್ದು ಎಂಬ ಸತ್ಯ ನನಗೆ ಗೊತ್ತಾದದ್ದು ಆವತ್ತು! ನಾನು ಸಮಾಜದ ಪ್ರತಿನಿಧಿಯಾಗಿ ಕತ್ತರಿ ಹಿಡಿದೆ. ಪರಿಣಾಮವಾಗಿ ಮಾವ ಎರಡು ವಾರ ಗೋದಾಮಿನಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಓಡಾಡಿದ.

ಆದರೆ ಅವನ ಸ್ವಾತಂತ್ರ್ಯದ ಬಾವುಟ ಇದ್ಯಾವುದೂ ಅಲ್ಲ. ಅದು ಅವನ ಬ್ಯಾಗು.

ಗಲ್ಫಿನಲ್ಲಿ ಒಬ್ಬ ರಜೆಗೆ ಹೊರಟ ಎಂದರೆ ಟಿಕೆಟ್ ಮಾತ್ರ ಅವನದ್ದು, ಬ್ಯಾಗು ಊರವರದ್ದು. ಇವರ ಹೆಂಡತಿಗೆ ಸೆಂಟು, ಅವರ ಅಜ್ಜಿಗೆ ಮುಲಾಮು, ಇನ್ಯಾರದ್ದೋ ಮಗುವಿಗೆ ಹಾಲಿನ ಪುಡಿ, ಖರ್ಜೂರ, ಪಿಸ್ತಾ. ಇದಕ್ಕೆ ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಇವತ್ತು ನೀನು ನನ್ನದು ಹೊತ್ತರೆ ನಾಳೆ ನಾನು ನಿನ್ನದು. ಮಾವ ಒಬ್ಬನೇ ಈ ಲೋಕದಿಂದ ರಾಜೀನಾಮೆ ಕೊಟ್ಟವನು. ವಿಮಾನದವರು ಮೂವತ್ತು ಕಿಲೋ ಕೊಟ್ಟರೂ ಇವನು ಎರಡು ಅಂಗಿ, ಒಂದು ಲುಂಗಿ, ಹಲ್ಲುಜ್ಜುವ ಬ್ರಷ್ಷು ಇರುವ ಕೈಚೀಲ ಹಿಡಿದು, ಪಾರ್ಕಿಗೆ ಹೊರಟವನಂತೆ ಊರಿಗೆ ಹೋಗುತ್ತಾನೆ. ಬರುವಾಗಲೂ ಅಷ್ಟೇ. ಒಂದು ಉಪ್ಪಿನಕಾಯಿ ಬಾಟ್ಲಿಯೂ ಇಲ್ಲ!

"ನಿಮ್ಗೆ ಊರಿಂದ ಯಾರೂ, ಇಂಥದ್ದು ತನ್ನಿ ಅಂತ ಹೇಳುದೇ ಇಲ್ವಾ ಮಾರಾಯ್ರೇ?" ಎಂದು ಕಾಕ ಒಮ್ಮೆ ಕೇಳಿದ್ದರು.

"ನಾನು ಸ್ವತಂತ್ರ" ಎಂದು ಮಾವ ಮಂಕಿ ಕ್ಯಾಪನ್ನು ಗಲ್ಲದವರೆಗೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದ. ನಾನು ನಕ್ಕೆ. ನಾನು ನಗದೇ ಇದ್ದದ್ದು ಯಾವುದಕ್ಕೆ ಹೇಳಿ!

ಈಗ ನನ್ನ ಸಮೋಸಾಕ್ಕೆ ಬನ್ನಿ. ಮಾವ ಗುರುವಾರ ಊರಿಗೆ ಹೊರಡುವವನಿದ್ದ. ಬುಧವಾರ ಮಧ್ಯಾಹ್ನ ನನಗೊಂದು ತಮಾಷೆ ಹೊಳೆಯಿತು. ನಮ್ಮ ಕರಾವಳಿಯವರ ವಾಟ್ಸಾಪ್ ಗ್ರೂಪಿಗೆ ಹೀಗೆ ಬರೆದು ಹಾಕಿದೆ: 'ನಾಳೆಯ ಮಂಗಳೂರು ವಿಮಾನದಲ್ಲಿ ನಮ್ಮ ಮಾವನ ಮೂವತ್ತು ಕಿಲೋ ಜಾಗ ಅನಾಥವಾಗಿ ಹಾರಿಹೋಗುತ್ತಿದೆ. ದಯಾವಂತರು ದತ್ತು ತೆಗೆದುಕೊಳ್ಳಬಹುದು.' ನನ್ನ ಜೋಕಿಗೆ ನಾನೇ ನಕ್ಕು, ಸಮೋಸಾ ಗಂಟಲಿಗೆ ಸಿಕ್ಕಿಸಿಕೊಂಡು, ನೀರು ಕುಡಿದು, ಮೆಸೇಜನ್ನು ಮರೆತೂಬಿಟ್ಟೆ. ಮಾವ ಗ್ರೂಪಿನಲ್ಲಿರಲಿಲ್ಲ. ಗ್ರೂಪು ಎಂದರೆ ಬಂಧನವಲ್ಲವೇ?

ಸಂಜೆ ಕೆಲಸದಿಂದ ಬಂದು ನೋಡುತ್ತೇನೆ, ಐದನೇ ಮಹಡಿಯಿಂದ ಮೂರನೆಯದರವರೆಗೆ ಮೆಟ್ಟಿಲ ಮೇಲೆ ದಯಾವಂತರು! ಜಗತ್ತಿನಲ್ಲಿ ಇಷ್ಟೊಂದು ದಯೆ ಉಳಿದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಹ್ಮದಿಯಿಂದ ಬಂದ ಅಕ್ಕ ಒಬ್ಬರು ಹುಲಿಯ ಚಿತ್ರದ ಬ್ಲಾಂಕೆಟ್ಟನ್ನು ಮಗುವಿನಂತೆ ಅಪ್ಪಿಕೊಂಡಿದ್ದರು. ಹುಲಿ ನಿಜವಾದ ಹುಲಿಗಿಂತ ಎರಡು ಕಿಲೋ ಮಾತ್ರ ಕಡಿಮೆ ಇದ್ದಿರಬಹುದು. ಇನ್ನೊಬ್ಬ ತನ್ನ ಭಾವನ ಕಾರಿಗೆಂದು ಸೈಡ್ ಮಿರರ್ ಹಿಡಿದುಕೊಂಡಿದ್ದ. ಮಾವ ಬಾಗಿಲು ತೆರೆದ, ಜನಸಾಗರ ನೋಡಿದ, ನನ್ನ ಮುಖ ನೋಡಿದ. ಸೀದಾ ಹೋಗಿ ಬಾತ್‌ರೂಮಿನ ಒಳಗೆ ಚಿಲಕ ಹಾಕಿಕೊಂಡ. ನಮ್ಮ ಫ್ಲ್ಯಾಟಿನಲ್ಲಿ ಒಳಗಿನಿಂದ ಚಿಲಕವಿರುವ ಜಾಗ ಅದೊಂದೇ.

"ಮಾವಾ, ಅದು ತಮಾಷೆಗೆ ಹಾಕಿದ್ದು!"

"ಊರಿಂದ ಬಂದ ಮೇಲೆ ಬೇರೆ ರೂಮ್ ಮಾಡ್ತೇನೆ" ಎಂದಿತು ಬಾಗಿಲು. "ನಿನ್ನ ಮುಖ ನೋಡ್ಲಿಕ್ಕಿಲ್ಲ ಇನ್ನು. ಖಲಾಸ್."

ನನ್ನ ನಗು ಅಲ್ಲಿಗೆ ನಿಂತಿತು. ಮಾವ ಹಾಗೆಲ್ಲ ಸುಮ್ಮನೆ ಹೇಳುವವನಲ್ಲ. ಹೇಳಿದರೆ ಮಾಡುವವನು. ನನ್ನನ್ನು ಇಲ್ಲಿಗೆ ಕರೆಸಿ ಕೆಲಸಕ್ಕೆ ಹಚ್ಚಿದವನು, ನನಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟು 'ನಿನಗಾಗಿ ಮಾಡಿದ್ದಲ್ಲ, ಹೆಚ್ಚಾದದ್ದು' ಎಂದವನು. ಅವನಿಲ್ಲದ ಫ್ಲ್ಯಾಟಿನಲ್ಲಿ ನಾನು ಯಾರನ್ನು ನೋಡಿ ನಗಲಿ?

ದಯಾವಂತರು ಸಾಮಾನು ಇಟ್ಟು ಹೋದರು. ಮಾವ ಹೊರಗೆ ಬರಲಿಲ್ಲ. ಕಡೆಗೆ ಹಮೀದ್ ಕಾಕ ಹೋಗಿ ಬಾಗಿಲು ಬಡಿದರು: "ಮಾರಾಯ್ರೇ, ನಿಮ್ಮ ಸ್ವಾತಂತ್ರ್ಯ ಎಲ್ಲ ಸರಿ. ಸಮಾಜಕ್ಕೂ ಬಾತ್‌ರೂಮ್ ಬೇಕಾಗ್ತದೆ!"

ಮಾವ ಟವೆಲು ಹೆಗಲಿಗೆ ಹಾಕಿಕೊಂಡು ಹೊರಬಂದ. "ನಾಳೆ ಬೆಳಿಗ್ಗೆ ಎಲ್ಲ ವಾಪಸ್ ಕೊಡ್ಬೇಕು ನೀನು. ಒಂದೊಂದು ಮನೆಗೂ ಹೋಗಿ" ಎಂದು ನನ್ನ ಕಡೆ ಬೆರಳು ತೋರಿಸುತ್ತಿದ್ದಾಗಲೇ ಮತ್ತೆ ಬೆಲ್ಲು. ಜಹ್ರಾದ ಒಂದು ಕಿರಾಣಿ ಅಂಗಡಿಯಲ್ಲಿರುವ ಸುರತ್ಕಲ್‌ನವನಂತೆ. ಬಸ್ಸು ಬದಲಿಸಿ ಬಂದಿದ್ದ, ಬೆವರಿನಲ್ಲಿ ಮಿಂದಿದ್ದ. ಎರಡೂ ಅಂಗೈ ಮೇಲೆ ಒಂದು ಚೌಕದ ಪೆಟ್ಟಿಗೆ.

"ಅಣ್ಣಾ, ಇದು ಬ್ಯಾಗಿಗೆ ಹಾಕ್ಬಾರ್ದು. ಕೈಯಲ್ಲೇ ಹಿಡ್ಕೊಳ್ಬೇಕು. ಅಡ್ಡ ಮಾಡ್ಬಾರ್ದು. ಕೇಕ್. ಶುಕ್ರವಾರ ಮಗಳ ಬರ್ತ್‌ಡೇ."

ಮಾವ ಅವನನ್ನೇ ದಿಟ್ಟಿಸಿದ. "ಅಲ್ಲ ಮಾರಾಯ, ಸುರತ್ಕಲ್‌ನಲ್ಲಿ ಕೇಕ್ ಸಿಗುದಿಲ್ವಾ?"

"ಸಿಗ್ತದೆ ಅಣ್ಣಾ. ಆದ್ರೆ ಅದು ಬೇಕರಿಯವರು ಕೊಟ್ಟ ಹಾಗೆ ಆಗ್ತದೆ."

ಮಾವ ನಿಧಾನವಾಗಿ ಎರಡೂ ಕೈ ಮುಂದೆ ಚಾಚಿದ. ಪೆಟ್ಟಿಗೆ ಕೈ ಬದಲಾಯಿತು. "ಇದೊಂದೇ" ಎಂದ, ನಮ್ಮ ಕಡೆ ತಿರುಗಿ, ಬಹಳ ಗಟ್ಟಿಯಾಗಿ. "ಇದೊಂದೇ ತಗೊಳ್ಳುದು. ಹೇಳಿದ್ದೇನೆ."

"ಕೇಕ್ ಹೋಗುದಾದ್ರೆ ಹುಲಿ ಎಂತ ಪಾಪ ಮಾಡಿದ್ದು ಮಾರಾಯ್ರೇ?" ಎಂದರು ಕಾಕ, ಹಲ್ಲು ಬಿಡದೆ.

ಮರುದಿನ ಏರ್‌ಪೋರ್ಟಿಗೆ ಹುಲಿ ಹೋಯಿತು, ಸೈಡ್ ಮಿರರ್ ಹೋಯಿತು, ಖರ್ಜೂರ, ಮುಲಾಮು ಎಲ್ಲ ಹೋದವು. ಮಾವ ಪೆಟ್ಟಿಗೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ಹೊಸದಾಗಿ ನಡೆಯಲು ಕಲಿತವನಂತೆ ಹೆಜ್ಜೆ ಇಡುತ್ತಿದ್ದ. ಬ್ಯಾಗಿನ ಗಾಡಿ ತಳ್ಳುವ ಶಿಕ್ಷೆ ನನಗೆ.

"ಮಾವಾ, ಸಾರಿ..."

"ಮಾತಾಡ್ಬೇಡ. ಕೇಕ್ ಅಲ್ಲಾಡ್ತದೆ."

ಅದಾದ ಮೇಲೆ ಇಡೀ ರಜೆ ನನಗೆ ಫೋನಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ನಾನು ಏಸಿಯನ್ನು ಇಪ್ಪತ್ತೆಂಟಕ್ಕೆ ಏರಿಸಿಟ್ಟು ಕಾಕನಿಂದ ಬೈಸಿಕೊಂಡೆ. ಖಾಲಿ ಮಂಚದ ಮೇಲೆ ಮಂಕಿ ಕ್ಯಾಪು ಮಾತ್ರ ನನ್ನನ್ನೇ ನೋಡುತ್ತಿತ್ತು. ಬಂದವನೇ ಬೇರೆ ರೂಮು ಮಾಡಿಯೇ ಬಿಡುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು.

ಮಾವ ವಾಪಸ್ ಹೊರಟ ದಿನ ಅಮ್ಮ ಫೋನ್ ಮಾಡಿದಳು. ನಾನು ಅಂಜುತ್ತಲೇ ಕೇಳಿದೆ: "ಬೈತಿದ್ದನಾ?"

"ಬೈದದ್ದಾ? ದಿನಾ ಬೈದ! ವಿಮಾನದಲ್ಲಿ ಕೇಕ್ ಮಡಿಲಲ್ಲಿಟ್ಟು ಊಟ ಸಹ ಮಾಡ್ಲಿಲ್ವಂತೆ. ಇಳಿದವನು ಮನೆಗೂ ಬಾರದೆ ಸೀದಾ ಸುರತ್ಕಲ್‌ಗೆ ಹೋಗಿದ್ದಾನೆ. ಆ ಮಗು ಕೇಕ್ ಬಿಟ್ಟು ಇವನನ್ನೇ ಹಿಡ್ಕೊಂಡಿತಂತೆ, ಅಪ್ಪ ಹೇಗಿದ್ದಾರೆ, ಎಷ್ಟು ಉದ್ದ ಇದ್ದಾರೆ ಅಂತ. ಮತ್ತೆ ಒಂದು ವಾರ ಬಸ್ಸಲ್ಲಿ ತಿರುಗಿ ಎಲ್ಲರ ಮನೆಗೂ ಮುಟ್ಟಿಸಿದ. ಒಂದು ಮನೇಲಿ ಚಾ, ಒಂದು ಮನೇಲಿ ಊಟ. ಈಗ ಹೋಗುವಾಗ ಹಪ್ಪಳ, ಉಪ್ಪಿನಕಾಯಿ, ಒಣಮೀನು, ಎಲ್ಲರೂ ಕೊಟ್ಟದ್ದೇ. 'ಭಾರ, ಭಾರ, ಸೊಂಟ ಹೋಯ್ತು' ಅಂತ ಬೊಬ್ಬೆ. ನಿನ್ನ ಅಪ್ಪ ಬ್ಯಾಗ್ ಎತ್ತಿಕೊಡ್ಲಿಕ್ಕೆ ಹೋದ್ರೆ ಮುಟ್ಲಿಕ್ಕೆ ಬಿಡ್ಲಿಲ್ಲ."

ನಾನು ನಗಲು ಹೊರಟೆ. ಅಮ್ಮ ನಗುತ್ತಿರಲಿಲ್ಲ.

"ನಾವೇ ಕೇಳ್ಲಿಲ್ಲ ಮಗಾ, ಇಷ್ಟು ವರ್ಷ. ಒಂಟಿ ಜೀವ, ಅವನಿಗೆ ಎಂತಕ್ಕೆ ಕಷ್ಟ ಕೊಡುದು ಅಂತ, ಎಂತ ಬೇಕು ಕೇಳಿದಾಗೆಲ್ಲ ಬೇಡ ಬೇಡ ಅಂದೆವು. ಮತ್ತೆ ಅವನು ಕೇಳುದೇ ಬಿಟ್ಟ. ಇವತ್ತು ರಿಕ್ಷಾ ಹತ್ತುವಾಗ ತಿರುಗಿ, 'ಅಕ್ಕಾ, ಮುಂದಿನ ಸಲ ನಿಂಗೆ ಎಂತ ತರುದು?' ಅಂತ ಕೇಳಿದ. ನಂಗೆ ಎಂತದೂ ಬೇಡ ಇತ್ತು. ಆದ್ರೂ ಹುಲಿಯ ಬ್ಲಾಂಕೆಟ್ ತಾ ಅಂದೆ. ಈ ಸೆಕೆಗೆ ಹೊದಿಲಿಕ್ಕೆ ಉಂಟಾ ಅದು? ನೀನೂ ಅವನತ್ರ ಎಂತಾದ್ರೂ ಕೇಳು ಮಗಾ. ಸಣ್ಣದು ಬೇಡ, ಭಾರದ್ದೇ ಕೇಳು."